ಏಳುನೂರ ಐವತ್ತರ ಬುಧವಾರ

ಕ್ಯಾಂಟೀನಿನ ಗೋಡೆಯಲ್ಲಿ ಮೆನು ಚೀಟಿಯ ಪಕ್ಕ
ಅನ್ನ, ಹುಳಿ, ಹುರುಳಿಕಾಯಿ ಪಲ್ಯದ ಜೊತೆ ಅದೂ ಒಂದು ಬಗೆಯೆಂಬಂತೆ
ಅಂಟಿಸಿದ್ದರು:
ಬೇಕಾದವರು ವರ್ಷಕ್ಕೆ ಐದು ದಿನ ರಜೆ ಕೊಳ್ಳಬಹುದು.
ಸಂಬಳದಲ್ಲಿ ಮುರಿದುಕೊಳ್ಳಲಾಗುವುದು. ಹನ್ನೆರಡು ಕಂತು.

"ನಮ್ ದಿನಾನ ನಮಗೇ ಮಾರ್ತಾರಲ್ಲಪ್ಪ" ಎಂದು ನಕ್ಕ ಓಬಳೇಶ,
"ತೂಕದ ಕಲ್ಲು ಯಾರದು?"

ಲೋಹಿತಾಶ್ವ ಸರ್ ಕ್ಯಾಲ್ಕುಲೇಟರ್ ಒತ್ತಿ ನನ್ನ ಕಡೆ ತಿರುಗಿಸಿದರು.
ಹತ್ತೊಂಬತ್ತೂವರೆ ಸಾವಿರ, ಇಪ್ಪತ್ತಾರರಿಂದ ಭಾಗಿಸಿ:
ಏಳುನೂರ ಐವತ್ತು.
ಹದಿನಾಲ್ಕು ವರ್ಷದಿಂದ ಮಾರುತ್ತಲೇ ಬಂದವಳಿಗೆ
ದರ ಕಂಡದ್ದು ಕೊಳ್ಳಲು ನಿಂತಾಗ.

ಅರ್ಜಿ ಅರ್ಧ ಹಾಳೆ.
ಹೆಸರು ಟಿ. ಎನ್. ಭಾಗ್ಯಲತಾ. ವಿಭಾಗ ಪ್ಯಾಕಿಂಗ್. ಎಷ್ಟು ದಿನ. ಸಹಿ.
ಹಿಂದೆ ಮುಂದೆ ತಿರುಗಿಸಿ ನೋಡಿದೆ.
"ಸರ್, ಕಾರಣ ಎಲ್ಲಿ ಬರೀಲಿ?"
"ದುಡ್ಡು ಕೊಟ್ಟ ಮೇಲೆ ಕಾರಣ ಯಾಕಮ್ಮ?"

ಇಷ್ಟು ವರ್ಷದಲ್ಲಿ ನಾನು
ಗುಬ್ಬಿಯ ಸೋದರಮಾವನನ್ನು ಎರಡು ಸಲ ಸಾಯಿಸಿದ್ದೇನೆ.
ಎರಡನೇ ಸಲ ಸತ್ತ ವಾರವೇ
ಹೆಗಲ ಮೇಲೆ ಹಲಸಿನ ಹಣ್ಣು ಹೊತ್ತು ಮನೆಗೆ ಬಂದ.
ಬಡಿಸುವಾಗ ಮುಖ ನೋಡಲಾಗಲಿಲ್ಲ.
ಜ್ವರ ಎಂದು ಬರೆದುಕೊಟ್ಟು, ಬಸ್ಸಿನಲ್ಲಿ
ನನ್ನ ಹಣೆಯನ್ನು ನಾನೇ ಮುಟ್ಟಿ ನೋಡಿಕೊಂಡದ್ದೂ ಉಂಟು,
ಸ್ವಲ್ಪವಾದರೂ ಬಿಸಿ ಇರಲಿ ಎಂದು.

ತಿಂಗಳಿಗೆ ಮುನ್ನೂರ ಹನ್ನೆರಡೂವರೆ. ಕೊಂಡೆ.

ಎರಡು ದಿನ ಮಗಳ ಕಾಲೇಜಿನ ಸಾಲಿಗೆ ಹೋದವು.
ಒಂದು ನಾದಿನಿಯ ಸೀಮಂತಕ್ಕೆ, ಒಂದು ಗಂಡನ ಹಲ್ಲಿಗೆ.
ಉಳಿದ ಒಂದನ್ನು ಯಾರಿಗೂ ಹೇಳಲಿಲ್ಲ.
ಯಾಕೆ ಹೇಳಲಿಲ್ಲ? ಹೇಳಿದ್ದರೆ
ಫಾರಮ್ಮಿನಲ್ಲಿ ಇಲ್ಲದ ಕಲಂ ಮನೆಯಲ್ಲಿ ತೆರೆದುಕೊಳ್ಳುತ್ತಿತ್ತು.

ಬುಧವಾರ ಎಂದಿನಂತೆ ಡಬ್ಬಿ ಕಟ್ಟಿದೆ. ಎಂದಿನಂತೆ ಬಟವಾಡಿಗೆ ಬಂದೆ.
ವಸಂತನರಸಾಪುರದ ಬಸ್ಸು ನಿಂತು ಹಾರ್ನ್ ಹೊಡೆಯಿತು,
ಇವತ್ತಿಲ್ಲ ಎಂದು ಕೈಯಾಡಿಸಿದೆ.
ಹೋಟೆಲಿನಲ್ಲಿ ಕೂತು ತಟ್ಟೆ ಇಡ್ಲಿ ತಿಂದೆ, ಚಟ್ನಿ ಎರಡು ಸಲ.
ಗಂಡನ ಗಾಡಿ ದಾಟಿಹೋಗುವ ತನಕ
ಲೋಟದ ತಳದ ಕಾಫಿಯನ್ನು ಕಾಯಿಸಿಕೊಂಡೆ.

ಮತ್ತೆ ಮನೆಗೇ ಬಂದೆ. ಬೇರೆ ಎಲ್ಲಿಗೆ?
ನನ್ನದೇ ಬೀಗ ತೆಗೆಯಲು ಕೈ ನಡುಗಿತು, ಕಳ್ಳಿಯ ಹಾಗೆ.

ಹನ್ನೊಂದಕ್ಕೆ ಬಿಸಿಲು ಬಂತು.
ಅಡುಗೆಮನೆಯ ಗವಾಕ್ಷಿಯಿಂದ ಇಳಿದು
ಅಕ್ಕಿ ಡಬ್ಬದ ಮೇಲೆ ಕೂತು, ರಾಗಿ ಡಬ್ಬಕ್ಕೆ ಸರಿದು,
ನೆಲದ ಒಡಕು ಹಾಸಿನ ಮೇಲೆ ಕಾಲು ಚಾಚಿತು.
ಒಂಬತ್ತು ವರ್ಷದ ಬಾಡಿಗೆ ಮನೆ,
ಇದರೊಳಗೆ ಬಿಸಿಲಿದೆ ಎಂದು ನನಗೆ ಗೊತ್ತಿರಲಿಲ್ಲ.
ಭಾನುವಾರ? ಭಾನುವಾರ ಆ ಹೊತ್ತಿಗೆ ಒಲೆಯ ಹೊಗೆ, ಒಗ್ಗರಣೆ,
ನನ್ನದೇ ಬೆನ್ನು ಅಡ್ಡ.

ಅದರ ಪಕ್ಕ ಕೂತೆ.
ಏನೂ ಯೋಚಿಸಲಿಲ್ಲ ಎಂದರೆ ಸುಳ್ಳು. ಗಂಟೆಗೆ ಎಷ್ಟು ಬಿತ್ತು ಎಂದು
ಲೆಕ್ಕ ಹಾಕಿದೆ, ಎರಡು ಸಲ ತಪ್ಪಿದೆ, ಬಿಟ್ಟೆ.
ಹನ್ನೆರಡೂವರೆಗೆ, ಸೈರನ್ ಇಲ್ಲದಿದ್ದರೂ, ಹೊಟ್ಟೆ ಎದ್ದಿತು.
ತಟ್ಟೆ ಇದ್ದೂ ಡಬ್ಬಿಯಲ್ಲೇ ಉಂಡೆ.

ಆಗ ನಲ್ಲಿ ಕೆಮ್ಮಿತು.
ಬುಧವಾರ ನೀರೇ ಬಿಡುವುದಿಲ್ಲ ಎಂದು ಬೀದಿಯೆಲ್ಲ ಬೈದಿದ್ದೆವು,
ನೋಡಿದರೆ ಒಂದಕ್ಕೆ ಬಂದು ಎರಡಕ್ಕೆ ಹೋಗುತ್ತದೆ,
ಯಾರೂ ಇಲ್ಲದ ಮನೆಗಳಿಗೆ ಬಂದುಹೋಗುವ ಅಂಚೆಯವನ ಹಾಗೆ.
ಏಳುನೂರ ಐವತ್ತು ಕೊಟ್ಟವಳು
ಸೀರೆ ಎತ್ತಿ ಕಟ್ಟಿ, ಬಿಂದಿಗೆ ಬಿಂದಿಗೆಯಾಗಿ ಡ್ರಮ್ಮು ತುಂಬಿದೆ.
ಕೈ ಕೇಳಬೇಕಲ್ಲ.

ರಾತ್ರಿ ಗಂಡ ಕೇಳಿದ: "ಡ್ರಮ್ಮು ತುಂಬಿದೆಯಲ್ಲೇ?"
"ಇವತ್ತು ಬಂತು" ಎಂದೆ.
ಅವನು ಮುಚ್ಚಳ ಎತ್ತಿ ನೋಡಿದ, ನನ್ನನ್ನು ನೋಡಿದ,
ಎರಡು ಚೊಂಬು ಹೆಚ್ಚಿಗೆ ಹಾಕಿಕೊಂಡು ಸ್ನಾನ ಮಾಡಿದ.

ಮಾರ್ಚಿನವರೆಗೂ ಆ ಬಿಸಿಲಿಗೆ ನನ್ನ ಕಂತು ನಡೆಯುತ್ತದೆ,
ತಿಂಗಳಿಗೆ ಅರವತ್ತೆರಡೂವರೆ.
ಹನ್ನೊಂದಕ್ಕೆ, ಟೇಪು ಎಳೆದು ರಟ್ಟಿನ ಬಾಯಿ ಮುಚ್ಚುವಾಗ
ನೆನಪಾಗುತ್ತದೆ:
ಈಗ ರಾಗಿ ಡಬ್ಬಕ್ಕೆ ಸರಿದಿರಬೇಕು.